ನರ್ಸಮ್ಮನಿಗೆ ಹಾಕಿಕೊಟ್ಟ ನೆಲ

ನರ್ಸಮ್ಮ ಯಾರನ್ನೂ ಹೊಗಳಿದ್ದನ್ನು ನಾನು ಕೇಳಿಲ್ಲ. ಹೆರಿಗೆ ಸಲೀಸಾಗಿ ಆಗಲಿ, ಎರಡು ದಿನ ಹಿಂಸೆ ಕೊಟ್ಟು ಆಗಲಿ, ಮುಗಿದ ಮೇಲೆ ಅವರದು ಒಂದೇ ಮಾತು: "ಬಾಣಂತಿ ಹೊಟ್ಟೆಗೆ ಏನಾದ್ರೂ ಕೊಡಿ." ಅಜ್ಜಿಯಂದಿರು ಆಸೆಯಿಂದ "ಹೆಂಗೈತೆ ನರ್ಸಮ್ಮ ಕೂಸು?" ಎಂದರೆ, "ಕೈಕಾಲು ಎರಡೆರಡು ಅವೆ, ಅಳ್ತೈತೆ, ಇನ್ನೇನು ಬೇಕು" ಎಂದು ಕೈ ತೊಳೆಯಲು ಎದ್ದು ಹೋಗುವರು.

ಅವರ ಹೆಸರು ಬರೆಯುವುದಿಲ್ಲ. ತುರುವೇಕೆರೆ ಸುತ್ತಿನ ಹಳ್ಳಿಗಳಲ್ಲಿ, ಸಂಪಿಗೆ ಕಡೆಯ ತೋಟದ ಮನೆಗಳಲ್ಲಿ ಹೆಸರು ಯಾರಿಗೂ ಬೇಕಾಗಿಯೂ ಇರಲಿಲ್ಲ. ಮೊಪೆಡ್ಡಿನ ಸದ್ದು ಕೇಳಿದರೆ "ನರ್ಸಮ್ಮ ಬಂದ್ರು" ಎಂದು ಮಕ್ಕಳು ಸೂಜಿಗೆ ಹೆದರಿ ಅಟ್ಟ ಹತ್ತುತ್ತಿದ್ದವು, ದೊಡ್ಡವರು ಬಾಯಿಗೆ ಹೆದರಿ ತೋಟಕ್ಕೆ ಹೋಗುತ್ತಿದ್ದರು. ಗಡಿಯಾರವನ್ನು ಮಣಿಕಟ್ಟಿನ ಒಳಮಗ್ಗುಲಿಗೆ ಕಟ್ಟುವರು. ನಾಡಿ ಹಿಡಿದರೆ ಒಮ್ಮೆ ಗಡಿಯಾರ ನೋಡಿ ಆಮೇಲೆ ಕಣ್ಣನ್ನು ಸೂರಿಗೆ ನೆಡುವರು. ಅಷ್ಟು ಹೊತ್ತು ಮನೆಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಯಾರ ಮನೆಯಲ್ಲೂ ಸುಮ್ಮನೆ ಕಾಫಿ ಕುಡಿಯುತ್ತಿರಲಿಲ್ಲ. "ಸೊಸೆ ಉಂಡ್ಲಾ?" ಎಂದು ಮೊದಲು ಕೇಳುವರು. ಉಂಡಿಲ್ಲ ಎಂದರೆ ಲೋಟ ಅಲ್ಲೇ. ಅತ್ತೆಯಾದವಳು ಬೈದುಕೊಂಡೇ ಸೊಸೆಗೆ ತಟ್ಟೆ ಇಡುವಳು. ತಟ್ಟೆ ಖಾಲಿಯಾದ ಮೇಲೆ ಆರಿದ ಕಾಫಿಯನ್ನೇ ಇವರು ಕುಡಿದು ಹೊರಡುವರು.

ನಾನು ಗಾರೆ ಕೆಲಸದವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅದಕ್ಕಾಗಿ ಯಾರ ಮುಂದೆಯೂ ತಲೆ ತಗ್ಗಿಸಿಲ್ಲ. ಈ ತಾಲ್ಲೂಕಿನಲ್ಲಿ ಎಷ್ಟೋ ಓದಿದವರು ನಾನು ಹಾಕಿದ ನೆಲದ ಮೇಲೆ ನಡೆದಾಡುತ್ತಾರೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಮುಂದೆ ಹೇಳಬೇಕಾದದ್ದು ಇದರಿಂದಲೇ ಆದದ್ದು, ಅದಕ್ಕೆ ಹೇಳಿದೆ.

ನಾನು ಹತ್ತೊಂಬತ್ತರ ಪ್ರಾಯದಲ್ಲಿದ್ದಾಗ ನಮ್ಮ ಹಳ್ಳಿಗಳಲ್ಲಿ ಹೆಂಗಸರ ಸ್ನಾನವೆಂದರೆ ಮನೆ ಹಿಂದೆ ನಾಲ್ಕು ಗೂಟ, ಸುತ್ತ ತೆಂಗಿನ ಗರಿಯ ಮರೆ, ಕೆಳಗೊಂದು ಚಪ್ಪಡಿ. ಆ ನೀರು ಹರಿದು ಪಕ್ಕದ ತೆಂಗಿನ ಗಿಡದ ಬುಡ ಸೇರುತ್ತಿತ್ತು. ಈಗಲೂ ನಮ್ಮ ಕಡೆ ಬಚ್ಚಲ ನೀರು ಮೋರಿಗೆ ಹೋಗುವುದು ಕಡಿಮೆ. ಮನೆ ಕಟ್ಟುವಾಗಲೇ ಯಾವ ಗಿಡಕ್ಕೆ ಬಚ್ಚಲ ನೀರು ಎಂದು ಮಾತಾಡಿಕೊಳ್ಳುತ್ತೇವೆ. ಗಿಡಗಳು ಚೆನ್ನಾಗಿಯೇ ಬರುತ್ತಿದ್ದವು. ಹೆಂಗಸರು ಮಾತ್ರ ಬೆಳಕು ಹರಿಯುವ ಮೊದಲು ಮೈಮೇಲೆ ನೀರು ಸುರಿದುಕೊಂಡು ಓಡಿಬರಬೇಕಿತ್ತು. ಬಾಣಂತಿಯಾದವಳೂ ಅಷ್ಟೇ.

ನರ್ಸಮ್ಮ ಇದರ ಮೇಲೆ ಬಿದ್ದರು. ಒಂದು ದಿನ ನಮ್ಮೂರ ದೊಡ್ಡ ತೋಟದ ಯಜಮಾನರ ಜಗಲಿಯಲ್ಲಿ ಕೂತು ಶುರುಮಾಡಿದರು. ನಾನು ಅಲ್ಲೇ ಗೋಡೆಗೆ ಗಿಲಾವು ಮಾಡುತ್ತಿದ್ದೆ.

"ಎಮ್ಮೆಗೆ ಕೊಟ್ಟಿಗೆ ಕಟ್ಸಿದ್ದೀರ, ಬಾಗ್ಲೂ ಇಟ್ಟಿದ್ದೀರ. ಸೊಸೆ ನೀರು ಹುಯ್ಕಳಕ್ಕೆ ಗರಿ ಮರೆನ?"

"ಕಟ್ಸನ ಬುಡಮ್ಮ. ಕೊಬ್ರಿ ಮಾರಿದ್ಮೇಲೆ."

"ಕೊಬ್ರಿ ವರ್ಷ ಪೂರ್ತಿ ಅಟ್ಟದ ಮೇಲೆ ಕೂತಿರ್ತೈತೆ. ನಿಮ್ಮ ಸೊಸೆನೂ ಕೂತಿರ್ತಾಳಾ? ಇನ್ನು ಇಪ್ಪತ್ತು ದಿನಕ್ಕೆ ಹೆರ್ತಾಳೆ. ಒಳ್ಗಿಂದ ಚಿಲಕ ಹಾಕ್ಕಳಂಥದೊಂದು ಬಚ್ಚಲು ಆಗದೆ ಹೋದ್ರೆ ನಾನು ಈ ಮನೆ ಹೆರಿಗೆಗೆ ಬರಕಿಲ್ಲ."

ಯಜಮಾನರು ಸುತ್ತ ನೋಡಿ, ಗೋಡೆಗೆ ಅಂಟಿಕೊಂಡಿದ್ದ ನನ್ನ ಮೇಲೆ ಸಿಟ್ಟು ತೀರಿಸಿಕೊಂಡರು. "ಕೇಳುಸ್ತೇನ್ಲಾ? ನಾಳೆಯಿಂದ ಕಟ್ಟು."

ಅದು ನಾನು ಒಬ್ಬನೇ ಹೊಣೆ ಹೊತ್ತು ಮಾಡಿದ ಮೊದಲ ಕೆಲಸ. ಐದಡಿ ಅಗಲ, ಆರಡಿ ಉದ್ದ, ಕಡಪ ಕಲ್ಲಿನ ನೆಲ. ಮುಗಿದ ದಿನ ನರ್ಸಮ್ಮ ಬಂದರು. ಗೋಡೆ ನೋಡಲಿಲ್ಲ, ಬಾಗಿಲು ನೋಡಲಿಲ್ಲ. ಚಿಲಕವನ್ನೊಮ್ಮೆ ಎಳೆದು ಬಿಟ್ಟು, ಒಂದು ಚೊಂಬು ನೀರು ತರಿಸಿ ಬಾಗಿಲ ಬಳಿ ಸುರಿದರು. ನೀರೆಲ್ಲ ಹರಿಯಿತು, ಮೂಲೆಯಲ್ಲಿ ಒಂದು ಬೊಗಸೆಯಷ್ಟು ನಿಂತುಬಿಟ್ಟಿತು.

"ಏನ್ಲಾ ಇದು?"

"ಒಂಚೂರು ಅಷ್ಟೇ ನರ್ಸಮ್ಮ. ಬಿಸಿಲಿಗೆ ಒಣಗ್ತದೆ."

"ಈ ಒಂಚೂರಲ್ಲೇ ಪಾಚಿ ಕಟ್ಟದು. ಹಸಿ ಬಾಣಂತಿ ಜಾರಿ ಬಿದ್ರೆ ನೀನು ಬಂದು ಎತ್ತೀಯೇನ್ಲಾ?"

ಯಜಮಾನರ ಮನೆಯವರೆಲ್ಲ ಇದ್ದರು. ಆಳುಗಳೂ ಇದ್ದರು. ಯಾರೋ ನಕ್ಕರು. ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಮಾರನೆ ದಿನ ಆ ನೆಲವನ್ನು ಪೂರ್ತಿ ಕಿತ್ತು ಮತ್ತೆ ಹಾಕಿದೆ. ನೀರು ಹರಿದುಹೋಗಲು ನೆಲಕ್ಕೆ ಕೊಡುವ ಇಳಿಜಾರಿಗೆ ನಾವು ವಾಟ ಎನ್ನುತ್ತೇವೆ. ಅವತ್ತು ಕೊಟ್ಟ ವಾಟಕ್ಕೆ ಚೊಂಬಿನ ನೀರು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಯಿತು. ಆಮೇಲೆ ನಾನು ಹಾಕಿದ ಒಂದು ಬಚ್ಚಲಲ್ಲೂ ಹನಿ ನೀರು ನಿಂತಿಲ್ಲ. ಜನ ನನ್ನನ್ನು ಕರೆಯುವುದೇ ಅದಕ್ಕೆ. "ಅವನು ನೆಲ ಹಾಕಿದ್ರೆ ಬಟ್ಟೆ ಹಾಕಿ ಒರೆಸೋ ಹಂಗಿಲ್ಲ" ಎನ್ನುತ್ತಾರೆ. ಈ ಮಾತು ಕೇಳಿ ಮೂವತ್ತು ವರ್ಷ ನಾನು ಎದೆ ಉಬ್ಬಿಸಿಕೊಂಡು ತಿರುಗಿದ್ದೇನೆ.

ನನ್ನ ಮಗಳು ಹುಟ್ಟಿದ್ದೂ ನರ್ಸಮ್ಮನ ಕೈಯಲ್ಲಿಯೇ. ನಾನು ಬಾಗಿಲಲ್ಲೇ ನಿಂತಿದ್ದೆ. "ಸುಮ್ನೆ ನಿಂತ್ಕಂಡು ಏನು ಕಾಯ್ತೀಯ, ಒಲೆಗೆ ಮಟ್ಟೆ ಹಾಕು ಹೋಗು" ಎಂದು ಅಟ್ಟಿದರು. ತೆಂಗಿನ ಮಟ್ಟೆಯ ಹೊಗೆಯಲ್ಲಿ ಕಣ್ಣೀರು ಸುರಿಸಿಕೊಂಡು ಕೂತೆ. ಒಳಗಿನಿಂದ ಮಗುವಿನ ಅಳು ಬಂದಾಗ ನನ್ನ ಕಣ್ಣೀರು ಯಾವುದರದೆಂದು ನನಗೇ ತಿಳಿಯಲಿಲ್ಲ. ಆಚೆ ಬಂದವರು ನನ್ನ ಮುಖ ನೋಡಿ, "ಹೊಗೆ ಜಾಸ್ತಿಯಾಯ್ತು, ಊದೋ ಕೊಳವೆ ತಗಾ" ಎಂದರು. ಅಷ್ಟು ಮಾತ್ರ.

ನರ್ಸಮ್ಮ ಮದುವೆಯಾಗಲಿಲ್ಲ. ಯಾಕೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ನಿವೃತ್ತಿಯಾದ ಮೇಲೆ ಪಟ್ಟಣದಲ್ಲೊಂದು ಮನೆ ಕಟ್ಟಿಕೊಂಡರು. ತಮ್ಮನ ಮಗ, ಅವನ ಹೆಂಡತಿ, ಒಂದು ಮಗು ಜೊತೆಗೆ ಬಂದು ಸೇರಿದರು. ಅವನು ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕಿದ್ದಾನೆ. ಕೆಟ್ಟವನಲ್ಲ. ದನಿ ಸ್ವಲ್ಪ ಜೋರು.

ಊರಿನವರ ಗಾಯಗಳನ್ನೆಲ್ಲ ತೊಳೆದ ಹೆಂಗಸು ತಮ್ಮ ಕಾಲ್ಬೆರಳ ಗಾಯವನ್ನು ಬಿಟ್ಟುಕೊಂಡರು. ಸಕ್ಕರೆ ಕಾಯಿಲೆ ಇತ್ತು. ಚಪ್ಪಲಿ ಕಚ್ಚಿದ್ದು ಅಷ್ಟೇ ಎನ್ನುತ್ತ ಎನ್ನುತ್ತ ತುಮಕೂರಿಗೆ ಹೋಗುವಷ್ಟರಲ್ಲಿ ಮೀರಿಹೋಗಿತ್ತು. ಬಲಗಾಲನ್ನು ಮಂಡಿಯ ಕೆಳಗೆ ತೆಗೆದರು. ನೋಡಲು ಹೋದಾಗ ಗಾಲಿಕುರ್ಚಿಯಲ್ಲಿ ಕೂತಿದ್ದರು. ಗೋಡೆ, ಕಿಟಕಿ ನೋಡುತ್ತ ನಿಂತಿದ್ದೆ. "ಯಾಕೆ ಆ ಕಡೆ ಈ ಕಡೆ ನೋಡ್ತೀಯ? ಇಲ್ಲೇ ನೋಡು. ಹೋಗೈತೆ. ಬೇರೆಯವ್ರಿಗೆ ಹೇಳಿದ್ದು ನಾನು ಕೇಳ್ಲಿಲ್ಲ, ಹೋಯ್ತು" ಎಂದರು.

ಅದಾಗಿ ಎರಡು ತಿಂಗಳಿಗೆ ಫೋನ್ ಮಾಡಿ ಕರೆಸಿದರು.

ಆ ಮನೆಯ ಬಚ್ಚಲು ಎಲ್ಲರ ಮನೆಯಂತೆಯೇ. ಒಳಗಿನ ನೆಲ ನಡುಮನೆಗಿಂತ ಮೂರು ಇಂಚು ತಗ್ಗು. ನೀರು ಆಚೆ ಬರದಿರಲೆಂದು ಬಾಗಿಲಿಗೆ ಎತ್ತರದ ಕಲ್ಲಿನ ಹೊಸಿಲು. ಗಾಲಿಕುರ್ಚಿ ಆ ಹೊಸಿಲಿನ ಮುಂದೆ ನಿಲ್ಲುತ್ತಿತ್ತು. ಅಲ್ಲಿಂದ ಸೊಸೆ ಅವರನ್ನು ಕಂಕುಳಿಗೆ ಕೈಕೊಟ್ಟು ಎತ್ತಿ, ಒಳಗಿನ ಸ್ಟೂಲಿನ ಮೇಲೆ ಕೂರಿಸಿ, ಸೀರೆ ಬಿಚ್ಚಿ, ನೀರು ಹಾಕಬೇಕು. ಕುರ್ಚಿ ಅಡ್ಡ ಇರುವುದರಿಂದ ಬಾಗಿಲು ಮುಚ್ಚಲಾಗುತ್ತಿರಲಿಲ್ಲ. ತಮ್ಮನ ಮಗ ನಡುಮನೆಯಲ್ಲಿದ್ದರೆ ಎದ್ದು ಬೀದಿಗೆ ಹೋಗಬೇಕು.

"ನಾನೂ ಬೇಜಾರು ಮಾಡ್ಕಳಲ್ಲ ಅಣ್ಣ," ಎಂದಳು ಸೊಸೆ. "ಆದ್ರೆ ನನ್ಗೂ ಒಂದು ಸೊಂಟ ಅಂತ ಐತಲ್ಲ. ಅವ್ರು ಕಣ್ಣು ಮುಚ್ಕಂಡು ಕೂತಿರ್ತಾರೆ. ನೀರು ಬಿಸಿ ಆದ್ರೂ ಹೇಳಲ್ಲ, ತಣ್ಣಗಾದ್ರೂ ಹೇಳಲ್ಲ. ಅಷ್ಟು ಮಾತಾಡೋರು ಅಲ್ಲಿ ಮಾತ್ರ ಬಾಯೇ ಬಿಡಲ್ಲ."

ನರ್ಸಮ್ಮ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ನಕ್ಷೆ ಬರೆದಿಟ್ಟಿದ್ದರು. ತುಮಕೂರಿನ ಆಸ್ಪತ್ರೆಯಲ್ಲಿ ಕಾಲು ಹೋದವರಿಗೆ ನಡೆಯಲು, ಕೂರಲು ಕಲಿಸುವ ಹುಡುಗಿಯೊಬ್ಬಳು ಹೇಳಿಕೊಟ್ಟಿದ್ದಳಂತೆ. ಹೊಸಿಲು ತೆಗೆಯಬೇಕು. ಬಾಗಿಲಿನಿಂದ ಒಳಗೆ ಮೂರಡಿ ಉದ್ದದ ಇಳಿಜಾರು, ಮೂರಡಿಗೆ ಮೂರೇ ಇಂಚು ಇಳಿಯಬೇಕು. ಆಮೇಲಿನ ಐದಡಿ ಸ್ನಾನದ ಜಾಗ ಹೆಚ್ಚುಕಡಿಮೆ ಮಟ್ಟಸ. ವಾಟ ಒಂದಡಿಗೆ ಕಾಲಿಂಚು ಮಾತ್ರ. ಹಿಂದಿನ ಗೋಡೆಯ ಬುಡದಲ್ಲಿ ಗೋಡೆಯುದ್ದಕ್ಕೂ ಜಾಲರಿ ಹಾಕಿದ ಕಾಲುವೆ, ಅಲ್ಲಿಂದ ಹಿತ್ತಲ ತೆಂಗಿನ ಗಿಡಕ್ಕೆ ಪೈಪು. ಪಕ್ಕದ ಗೋಡೆಗೆ ಹಿಡಿದುಕೊಳ್ಳಲು ಕಂಬಿ. ಚಿಲಕ ನೆಲದಿಂದ ಎರಡೂವರೆ ಅಡಿಗೆ, ಕೂತವರ ಕೈಗೆ ಸಿಗುವಂತೆ. 'ಕಾಲಿಂಚು' ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದರು. ನೀರಿಗೆ ಹಾಳಾಗದ, ಚಿಕ್ಕ ಗಾಲಿಗಳ, ಬ್ರೇಕ್ ಇರುವ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಸ್ನಾನಕ್ಕೆಂದೇ ತರಿಸಿದ್ದರು.

ತಮ್ಮನ ಮಗ ತಲೆ ಕೊಡವಿದ. "ಹೊಸಿಲು ಕಿತ್ರೆ ನೀರೆಲ್ಲ ನಡುಮನೆಗೆ ಬತ್ತದೆ ಅತ್ತೆ. ಅಲ್ದೆ ಚಿಲಕ ಯಾಕೆ? ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಚಿಲಕ ಬೇಡ ಅನ್ನೋನು ನೀನು ಒಂದ್ಸಲ ಬಾಗ್ಲು ತೆಕ್ಕಂಡು ಸ್ನಾನ ಮಾಡು. ನಾವೆಲ್ಲ ಇಲ್ಲೇ ಕೂತಿರ್ತೀವಿ," ಎಂದರು.

ಅವನು ಅಂಗಿ ಹಾಕಿಕೊಂಡು ಮಂಡಿಗೆ ಹೊರಟ. ನಾನು ಮಾತ್ರ ಬಿಡಲಿಲ್ಲ.

"ಎಲ್ಲಾ ಸರಿ ನರ್ಸಮ್ಮ. ವಾಟ ಮಾತ್ರ ಇಷ್ಟು ಸಾಲ್ದು. ನಮ್ಮ ಕಡೆ ಸ್ನಾನ ನಿಮ್ಗೆ ಗೊತ್ತಿಲ್ವ? ಎಣ್ಣೆ, ಸೀಗೆಪುಡಿ, ಮೈ ಉಜ್ಜೋ ತೆಂಗಿನ ನಾರು. ಕಾಲಿಂಚಲ್ಲಿ ನಾರು ಹೋಗಲ್ಲ, ಜಿಡ್ಡು ನಿಂತ್ಕತದೆ."

"ಆ ಹುಡುಗಿ ಹೇಳಿದ್ದು ಕಾಲಿಂಚು."

"ಆ ಹುಡುಗಿ ಎಷ್ಟು ಬಚ್ಚಲಿಗೆ ನೆಲ ಹಾಕವ್ಳೆ?"

"ನೀನು ಎಷ್ಟು ಕಾಲು ಕಳ್ಕಂಡಿದ್ದೀಯ?"

ಸೊಸೆ ಸೆರಗು ಬಾಯಿಗಿಟ್ಟು ಒಳಗೆ ಹೋದಳು. ನರ್ಸಮ್ಮ ಹಾಳೆ ಮಡಚಿ ನನ್ನ ಕೈಗಿಟ್ಟು, ದನಿ ತಗ್ಗಿಸಿದರು. ಅವರು ದನಿ ತಗ್ಗಿಸಿದ್ದನ್ನು ನಾನು ಮೊದಲು ಕೇಳಿದ್ದೇ ಅವತ್ತು. "ನೋಡ್ಲಾ. ಇಷ್ಟು ವರ್ಷ ಕಂಡೋರ ಮಕ್ಳಿಗೆಲ್ಲ ನೀರು ಹಾಕಿದ್ದೀನಿ. ಈಗ ನನ್ಗೆ ನಾನೇ ಹಾಕ್ಕಬೇಕು. ಬಾಗ್ಲು ಹಾಕ್ಕಂಡು. ಬೇರೇನೂ ಕೇಳ್ತಿಲ್ಲ ನಿನ್ನ."

ಕೆಲಸ ಒಂಬತ್ತು ದಿನ ಹಿಡಿಯಿತು. ಒಬ್ಬನೇ ಮಾಡಿದೆ. ಹೊಸಿಲು ಕಿತ್ತೆ, ಹಳೆ ನೆಲ ಒಡೆದೆ. ಮೂರಡಿಯ ಇಳಿಜಾರನ್ನು ಅವರು ಬರೆದಂತೆಯೇ ಹಾಕಿದೆ. ಕಾಲು ಜಾರದ ಒರಟು ಟೈಲ್ಸ್ ತಂದೆ. ಕಂಬಿಗೆ ನಾನೇ ಜೋತುಬಿದ್ದು ಎಳೆದು ಪರೀಕ್ಷೆ ಮಾಡಿದೆ. ಆಮೇಲೆ ಸ್ನಾನದ ಜಾಗಕ್ಕೆ ಬಂದೆ. ಮಟ್ಟ ನೋಡುವ ರಸಮಟ್ಟದ ಕೋಲು ಇಟ್ಟೆ. ಕಾಲಿಂಚಿನ ಲೆಕ್ಕಕ್ಕೆ ಗಾರೆ ಎಳೆದು ನೋಡಿದೆ. ನನ್ನ ಕಣ್ಣಿಗೆ ಅದು ನೆಲದಂತೆ ಕಾಣಲಿಲ್ಲ, ಹಾಸಿದ ಚಾಪೆಯಂತೆ ಕಂಡಿತು. ನೀರು ನಿಂತೇ ನಿಲ್ಲುತ್ತದೆ ಅನ್ನಿಸಿತು. ನಾಲ್ಕು ಜನ ಬಂದು ನೋಡುತ್ತಾರೆ, ಇವನು ಹಾಕಿದ ಬಚ್ಚಲಲ್ಲಿ ನೀರು ನಿಂತಿದೆ ಎನ್ನುತ್ತಾರೆ. ಅದೂ ನರ್ಸಮ್ಮನ ಮನೆಯಲ್ಲಿ.

ಎಳೆದ ಗಾರೆಯನ್ನು ಕೆರೆದು ತೆಗೆದೆ. ಒಂದಡಿಗೆ ಮುಕ್ಕಾಲಿಂಚು ಕೊಟ್ಟೆ. ಐದಡಿ ಹೋಗುವಷ್ಟರಲ್ಲಿ ಒಂದೂಕಾಲು ಇಂಚು ಇಳಿಯಬೇಕಾಗಿದ್ದ ನೆಲ ನಾಲ್ಕಿಂಚಿನ ಹತ್ತಿರ ಇಳಿಯಿತು. ಟೈಲ್ಸ್ ಕೂತ ಮೇಲೆ ನೋಡುವವರಿಗೆ ಏನೂ ಗೊತ್ತಾಗದು.

ಮುಗಿದ ದಿನ ಅವರು ಬಾಗಿಲ ಬಳಿ ಗಾಲಿಕುರ್ಚಿಯಲ್ಲಿ ಬಂದು ಚೊಂಬು ನೀರು ಕೇಳಿದರು. ಕೂತಲ್ಲಿಂದಲೇ ಬಗ್ಗಿ ಸುರಿದರು. ನೀರು ಸರ್ರನೆ ಹೋಗಿ ಜಾಲರಿಯೊಳಗೆ ಇಳಿಯಿತು.

"ಭಾಳ ಬೇಗ ಹೋಯ್ತಲ್ಲ?"

"ಅಲ್ವ ಮತ್ತೆ?" ಎಂದೆ.

"ಎಷ್ಟು ಕೊಟ್ಟೆ?"

"ನೀವು ಹೇಳ್ದಷ್ಟೇ."

ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ, "ಕೆಲ್ಸ ಪರವಾಗಿಲ್ಲ" ಎಂದರು. ಮೂವತ್ತು ವರ್ಷದಲ್ಲಿ ಅವರ ಬಾಯಿಂದ ಬಂದ ಒಳ್ಳೆಯ ಮಾತು ಅದೊಂದೇ. ಅದನ್ನು ನಾನು ಸುಳ್ಳು ಹೇಳಿ ತೆಗೆದುಕೊಂಡೆ.

ಮಾರನೆ ಬೆಳಿಗ್ಗೆ ಉಳಿದ ಸಾಮಾನು ಒಯ್ಯಲು ಹೋದಾಗ ಅವರು ಒಳಗಿದ್ದರು. ಬಾಗಿಲು ಮುಚ್ಚಿತ್ತು. ಸೊಸೆ ನಡುಮನೆಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. "ಚಿಲಕ ಹಾಕ್ಕಂಡು ಒಂದ್ಗಂಟೆ ಆಯ್ತು," ಎಂದು ನಕ್ಕಳು. "ಕರೆದ್ರೆ ಬೈತಾರೆ." ಒಳಗೆ ನೀರಿನ ಸದ್ದು. ನಡುವೆ ಒಮ್ಮೆ ನರ್ಸಮ್ಮ ಕೆಮ್ಮಿ, "ಯಾರೇ ಬಂದಿರೋದು?" ಎಂದರು. ನಾನು ಎಂದು ತಿಳಿದು, "ಅವ್ನಿಗೆ ಕಾಫಿ ಕೊಡು, ನಾನು ಬರಕ್ಕೆ ಹೊತ್ತಾಯ್ತದೆ" ಎಂದರು. ಅಷ್ಟು ಹಗುರಾದ ದನಿ ಅವರದೆಂದು ನನಗೆ ಗೊತ್ತಿರಲಿಲ್ಲ.

ಹೀಗೆ ಮೂರು ವಾರ.

ಆಮೇಲೆ ಒಂದು ಬೆಳಿಗ್ಗೆ ಕುರ್ಚಿ ಜಾರಿತು. ಸೋಪಿನ ನೊರೆ ಇತ್ತು, ಅವರು ಚೊಂಬಿಗೆ ಮುಂದಕ್ಕೆ ಬಗ್ಗಿದ್ದರು. ಕುರ್ಚಿ ಹಿಂದಿನ ಗೋಡೆಗೆ ಹೋಗಿ ಬಡಿದು ಮಗುಚಿತು. ತಮ್ಮನ ಮಗ ಬಾಗಿಲನ್ನು ಒದ್ದು ಚಿಲಕ ಮುರಿದು ಒಳಹೋದ. ಪಕ್ಕದ ಮನೆಯ ಇಬ್ಬರು ಗಂಡಸರೂ ಓಡಿಬಂದಿದ್ದರು. ಬಟ್ಟೆಯಿಲ್ಲದ ಅವರನ್ನು ಮೂರು ಜನ ಗಂಡಸರು ಎತ್ತಿ ಆಚೆ ತಂದರು. ಸೊಸೆ ಕೈಗೆ ಸಿಕ್ಕ ಟವೆಲ್ ಹೊದಿಸಿದಳಂತೆ. ಸೊಂಟದ ಮೂಳೆ ಮುರಿದಿತ್ತು.

ತುಮಕೂರಿನಿಂದ ವಾಪಸು ತಂದು ನಾಲ್ಕು ದಿನವಾದ ಮೇಲೆ ನನಗೆ ಹೇಳಿಕಳಿಸಿದರು. ಹೋದೆ. ನಡುಮನೆಯಲ್ಲಿ ಮಂಚ ಹಾಕಿದ್ದರು. ತಮ್ಮನ ಮಗ ಪಕ್ಕದಲ್ಲೇ ನಿಂತಿದ್ದ, ಸೊಸೆ ಅಡುಗೆಮನೆಯ ಬಾಗಿಲಲ್ಲಿ.

"ಬ್ರೇಕ್ ಹಾಕ್ಕಳದು ಮರ್ತಿದ್ರಂತೆ ಮೇಸ್ತ್ರಿ," ಎಂದ ಅವನು. "ನಾನು ಬಡ್ಕಂಡೆ, ಒಬ್ರೇ ಬೇಡ ಅಂತ. ಕೇಳಿದ್ರಾ?"

ನರ್ಸಮ್ಮ ನನ್ನನ್ನು ನೋಡಿದರು. ಮುಖ ಸಣ್ಣಗಾಗಿತ್ತು.

"ವಾಟ ಎಷ್ಟು ಕೊಟ್ಟಿದ್ದೆ?"

ಹೇಳಬಹುದಾಗಿತ್ತು. ಮುಕ್ಕಾಲಿಂಚು ಎಂಬುದು ಒಂದೇ ಪದ. ತಮ್ಮನ ಮಗ ಇದ್ದ. ಅವನಿಗೆ ತಿಳಿದರೆ ನಾಳೆ ಮಂಡಿಯಲ್ಲಿ ಹೇಳುತ್ತಾನೆ, ನಾಡಿದ್ದು ತಿಪಟೂರಿನವರೆಗೂ ಹೋಗುತ್ತದೆ. ಇಷ್ಟೇ ನನ್ನ ತಲೆಯಲ್ಲಿ ಓಡಿದ್ದು.

"ನೀವು ಹೇಳ್ದಷ್ಟೇ ನರ್ಸಮ್ಮ. ಕಾಲಿಂಚು."

ಅವರು ಕಣ್ಣನ್ನು ಸೂರಿಗೆ ನೆಟ್ಟರು.

"ಸರಿ ಕಣಪ್ಪ. ಹೋಗ್ಬಾ," ಎಂದರು.

ಮೂವತ್ತು ವರ್ಷ ನನ್ನನ್ನು ಕಣ್ಲಾ ಎಂದವರು. ಮೂಲೆಯಲ್ಲಿ ಬೊಗಸೆ ನೀರು ನಿಂತದ್ದಕ್ಕೆ ಊರ ಮುಂದೆ ಮಾನ ಕಳೆದವರು. ಇದಕ್ಕೆ ಒಂದು ಬೈಗುಳವನ್ನೂ ಕೊಡಲಿಲ್ಲ. ಅವತ್ತು ನನಗೆ ನೆಮ್ಮದಿಯಾಯಿತು, ನಾಚಿಕೆಯಾಗಲಿಲ್ಲ. ಬಚಾವಾದೆ ಎಂದುಕೊಂಡು ಸೈಕಲ್ ಹತ್ತಿದೆ. ದಾರಿಯಲ್ಲಿ ನನಗೆ ನಾನೇ ಹೇಳಿಕೊಂಡೆ: ಬ್ರೇಕ್ ಮರೆತರು ಅಂತ ಅವರೇ ಒಪ್ಪಿಕೊಂಡಿದ್ದಾರಲ್ಲ.

ಅಲ್ಲಿಂದ ಅವರಿಗೆ ಸ್ನಾನವೆಂಬುದು ಇರಲಿಲ್ಲ. ಮಂಚದ ಮೇಲೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸುತ್ತಿದ್ದರು. ಬಚ್ಚಲಿನ ಮುರಿದ ಚಿಲಕವನ್ನು ತಮ್ಮನ ಮಗ ಮತ್ತೆ ಹಾಕಿಸಲಿಲ್ಲ.

ಎರಡು ತಿಂಗಳ ಮೇಲೆ ಅದೇ ಬೀದಿಯಲ್ಲಿ, ಹತ್ತು ಮನೆ ಆಚೆ, ನನಗೊಂದು ಬಚ್ಚಲಿನ ಕೆಲಸ ಸಿಕ್ಕಿತು. ಅಲ್ಲಿ ಯಾರೂ ಕೇಳಿರಲಿಲ್ಲ. ನಾನೇ ಒಂದಡಿಗೆ ಕಾಲಿಂಚು ವಾಟ ಕೊಟ್ಟೆ. ಯಾಕೆ ಎಂದರೆ, ನರ್ಸಮ್ಮ ಹೇಳಿದ್ದು ತಪ್ಪು ಎಂದು ತೋರಿಸಿಕೊಳ್ಳಬೇಕಾಗಿತ್ತು. ಬೇರೆ ಯಾರಿಗೂ ಅಲ್ಲ, ನನಗೆ. ಟೈಲ್ಸ್ ಕೂತು ಒಣಗಿದ ಮೇಲೆ ಮನೆಯವರಿಲ್ಲದ ಹೊತ್ತು ನೋಡಿ ಸೀಗೆಪುಡಿ ಕದಡಿದ ನೀರಿಗೆ ಎಣ್ಣೆ ಹಾಕಿ, ಒಂದು ಹಿಡಿ ತೆಂಗಿನ ನಾರನ್ನು ತುಂಡು ಮಾಡಿ ಬೆರೆಸಿ ಸುರಿದೆ. ನೀರು ಅವಸರ ಮಾಡಲಿಲ್ಲ. ಹರಡಿಕೊಂಡು, ಯೋಚನೆ ಮಾಡುವಂತೆ ನಿಂತು, ಜಾಲರಿಯ ಕಡೆಗೆ ಹೊರಟಿತು. ನಾರು ಜಾಲರಿಯ ಮೇಲೆ ಕೂತಿತು. ಬೆರಳಿನಲ್ಲಿ ಎತ್ತಿ ಹಾಕಿದರೆ ಮುಗಿಯಿತು. ಮೂಲೆಗಳಲ್ಲಿ ಎಲ್ಲೂ ನೀರು ನಿಂತಿರಲಿಲ್ಲ. ಸ್ವಲ್ಪ ನಿಧಾನ, ಅಷ್ಟೇ.

ನಾನು ಮೂವತ್ತು ವರ್ಷ ಕೊಟ್ಟ ವಾಟ ಬೇಕೇ ಆಗಿರಲಿಲ್ಲ. ಮಟ್ಟ ಸರಿಯಾಗಿದ್ದರೆ ಸಾಕಾಗಿತ್ತು. ಹತ್ತೊಂಬತ್ತರ ಪ್ರಾಯದಲ್ಲಿ ನನ್ನ ನೆಲ ಕೆಟ್ಟದ್ದು ವಾಟ ಕಡಿಮೆಯಾಗಿ ಅಲ್ಲ, ಮೂಲೆ ತಗ್ಗಾಗಿ. ಅದನ್ನು ನನಗೆ ಯಾರೂ ಹೇಳಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ.

ಆ ನೆಲದ ಮೇಲೆ ಬಹಳ ಹೊತ್ತು ಕೂತಿದ್ದೆ. ಎದ್ದು ಹತ್ತು ಮನೆ ನಡೆದಿದ್ದರೆ ಮಂಚದ ಹತ್ತಿರ ಹೋಗಬಹುದಾಗಿತ್ತು. ಕೈಕಾಲು ತೊಳೆದು, ಕರಣೆ ಒರೆಸಿ ಚೀಲಕ್ಕೆ ಹಾಕಿ, ಆ ಮನೆಯ ಮುಂದೆ ಹಾಯಬಾರದೆಂದು ಹಿಂದಿನ ಓಣಿಯಲ್ಲಿ ಹೋದೆ.

ಬಿದ್ದು ಏಳನೇ ತಿಂಗಳಿಗೆ ನರ್ಸಮ್ಮ ತೀರಿಕೊಂಡರು. ಮಲಗಿ ಮಲಗಿ ಬೆನ್ನಿನಲ್ಲಿ ಹುಣ್ಣಾಗಿತ್ತು.

ತಿಥಿಯ ದಿನ ಹೋದೆ. ಜನ ಬೀದಿ ತುಂಬ ಇದ್ದರು. ನಲವತ್ತು ವರ್ಷದ ಗಂಡಸರು ಬಂದು, ನಾನು ಅವರ ಕೈಯಲ್ಲಿ ಹುಟ್ಟಿದ್ದು, ನನ್ನ ತಂಗಿ ಅವರ ಕೈಯಲ್ಲಿ ಹುಟ್ಟಿದ್ದು ಎಂದು ಹೇಳಿಕೊಳ್ಳುತ್ತಿದ್ದರು. ತಮ್ಮನ ಮಗ ಯಾರಿಗೋ ಬಚ್ಚಲು ತೋರಿಸಿ ಬಂದ. "ನಮ್ಮ ಮೇಸ್ತ್ರಿ ಕೆಲ್ಸ. ಒಂದು ಹನಿ ನೀರು ನಿಲ್ಲಲ್ಲ ನೋಡಿ," ಎಂದು ನನ್ನ ಹೆಗಲ ಮೇಲೆ ಕೈಹಾಕಿದ. ಆ ಕೈ ತೆಗೆದು ಹಿತ್ತಲಿಗೆ ಹೋದೆ. ಸೊಸೆ ನಲ್ಲಿಯ ಹತ್ತಿರ ಬಾಳೆಲೆ ತೊಳೆಯುತ್ತಿದ್ದಳು. ಸುತ್ತ ಯಾರೂ ಇರಲಿಲ್ಲ.

"ಒಂದು ಮಾತು ಹೇಳ್ಬೇಕಮ್ಮ," ಎಂದೆ. "ಅವತ್ತು ನರ್ಸಮ್ಮ ಬಿದ್ದಿದ್ದು ಬ್ರೇಕ್ ಮರ್ತು ಅಲ್ಲ."

ಅವಳು ಎಲೆ ತೊಳೆಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತು," ಎಂದಳು. "ಅಳೆದಿದ್ದು ನಾನೇ."

ನನಗೆ ಅರ್ಥವಾಗಲಿಲ್ಲ.

"ಆಸ್ಪತ್ರೆಯಿಂದ ಬಂದ ಎರಡ್ನೇ ದಿನ. ಗ್ಲೂಕೋಸ್ ಪೈಪಿಗೆ ನೀರು ತುಂಬ್ಸಿ, ಒಂದು ತುದಿ ಇಳಿಜಾರು ಮುಗಿಯೋ ಕಡೆ ಕಟ್ಟು, ಇನ್ನೊಂದು ತುದಿ ಜಾಲರಿ ಹತ್ರ ಹಿಡ್ಕ, ನೀರಿನ ಮಟ್ಟಕ್ಕೆ ಗೋಡೆ ಮೇಲೆ ಗೀಟು ಹಾಕು ಅಂದ್ರು. ನೀವು ಗಾರೆಯವ್ರು ಮಟ್ಟ ಹಿಡಿಯದನ್ನ ನೋಡಿದ್ರಂತಲ್ಲ, ಹಂಗೇ. ಮಗು ಸ್ಕೇಲಲ್ಲಿ ಅಳೆದು ಹೇಳ್ದೆ. ಬರ್ಕಂಡ್ರು. ಆಮೇಲೇನೇ ನಿಮ್ಮನ್ನ ಕರ್ಸಿದ್ದು."

ಎಲೆಗಳನ್ನು ಜೋಡಿಸಿ ನೀರು ಕೊಡವಿದಳು.

"ನಮ್ಮನೆಯವ್ರಿಗೆ ಹೇಳ್ಬೇಡ, ಅವ್ನ ಕೆಲ್ಸಕ್ಕೆ ಕಲ್ಲು ಬೀಳ್ತದೆ ಅಂದ್ರು. ಬ್ರೇಕ್ ಮರ್ತೆ ಅಂತ ಅವ್ರೇ ಹೇಳ್ಕಂಡ್ರು. ನಾಲ್ಕು ದಿನ ಬುಟ್ಟು ಬತ್ತಾನೆ, ಒಬ್ನೇ ಇದ್ದಾಗ ಹೇಳ್ತಾನೆ ಅಂತಿದ್ರು ಅಣ್ಣ. ಗೇಟು ಸದ್ದಾದ್ರೆ 'ಅವ್ನೇನೇ?' ಅಂತ ಕೇಳೋರು. ಇದೇ ಬೀದಿಲಿ ಬಚ್ಚಲು ಕೆಲ್ಸಕ್ಕೆ ನೀವು ಬಂದಿದ್ದೀರ ಅಂತ ನಾನೇ ಹೇಳಿದ್ದೆ. ಅವತ್ತು ಹಾಸಿಗೆ ಮೇಲಿನ ದುಪ್ಟಿ ಬದ್ಲಾಯ್ಸು ಅಂದ್ರು, ಒಳ್ಳೆ ಸೀರೆ ಹೊದಿಸು ಅಂದ್ರು."

ನಾನು ಏನೋ ಹೇಳಲು ಹೋದೆ. ಅವಳು ಕೇಳಿಸಿಕೊಳ್ಳಲು ನಿಂತಿರಲಿಲ್ಲ. ಎಲೆಗಳನ್ನು ಕೈಮೇಲೆ ಹೇರಿಕೊಂಡು ಬಾಗಿಲವರೆಗೆ ಹೋಗಿ, ತಿರುಗಿ ನೋಡದೆ ಅಂದಳು:

"ಕೊನೇ ತಿಂಗಳು ಕೇಳೋದು ಬುಟ್ಟಿದ್ರು."

ಒಳಗಿನಿಂದ ತಮ್ಮನ ಮಗ, "ಮೇಸ್ತ್ರಿ, ಎಲೆ ಹಾಕ್ತಾವ್ರೆ, ಬನ್ನಿ" ಎಂದು ಕೂಗಿದ. ಹೋದೆ. ಸಾಲಿನಲ್ಲಿ ಕೂತೆ. ಬಡಿಸಿದ್ದನ್ನೆಲ್ಲ ಉಂಡೆ.